ಕೆರೋಜೆನ್ ಅಂದರೇನು, ಅದರಲ್ಲಿ ಎಷ್ಟು ಬಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಣ್ಣೆ ಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರುಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಈಗ ವಿರಾಜಪೇಟೆ ಕಡೆ ತೋಟ ನೋಡಿಕೊಂಡಿದ್ದೇನೆ. ಕಾಲೇಜು ಹುಡುಗ ಹುಡುಗಿಯರು, ಪಕ್ಕದ ತೋಟದವರು, ಮದುವೆ ಮನೆಯಲ್ಲಿ ಸಿಕ್ಕ ನೆಂಟರು, ಎಲ್ಲರೂ ಸುತ್ತಿ ಬಳಸಿ ಇವೇ ಪ್ರಶ್ನೆ ಕೇಳುತ್ತಾರೆ. ಕಲ್ಲಿನೊಳಗೆ ಸೇರಿ, ಬೆಂದಾಗ ಎಣ್ಣೆ, ಗ್ಯಾಸ್ ಕೊಡುವ ಜೀವಿಗಳ ಅಂಶವೇ ಕೆರೋಜೆನ್, ಹಾಗಾಗಿ ಎಣ್ಣೆಯ ಪ್ರಶ್ನೆಗಳೂ ಇದರೊಳಗೇ ಬರುತ್ತವೆ. ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅನಿಸಿತು.

ಮೊದಲು ಇದನ್ನು ಹೇಳಿ. ಕೊಡಗಿನಲ್ಲಿ ಪೆಟ್ರೋಲ್ ಸಿಗುತ್ತಾ?

ಇಲ್ಲ. ಎಷ್ಟು ಆಳ ಕೊರೆದರೂ ಇಲ್ಲ.

ನಮ್ಮ ಕಾಲಡಿ ಇರುವುದು ನೈಸ್, ಚಾರ್ನೊಕೈಟ್ ಅನ್ನುವ ಕಲ್ಲುಗಳು. ಹೆಚ್ಚಿನವು 300 ಕೋಟಿ ವರ್ಷ ಮೀರಿದ ಹಳೆಯ ಕಲ್ಲು. ಇವು ಒಂದು ಕಾಲದಲ್ಲಿ ಭೂಮಿಯ ಆಳದಲ್ಲಿ 700 ಡಿಗ್ರಿ ಮೀರಿದ ಬಿಸಿಯಲ್ಲಿ ಬೆಂದು, ಆಮೇಲೆ ಮೇಲೆ ಬಂದವು. ಎಣ್ಣೆ ಹುಟ್ಟುವುದು ಸುಮಾರು 60ರಿಂದ 120 ಡಿಗ್ರಿ ಬಿಸಿಯಲ್ಲಿ. ಅದನ್ನು ದಾಟಿ ಕಾದರೆ ಗ್ಯಾಸ್, ಇನ್ನೂ ಕಾದರೆ ಬರೀ ಇಂಗಾಲ. 700 ಡಿಗ್ರಿ ಕಂಡ ಕಲ್ಲಿನಲ್ಲಿ ಏನಾದರೂ ಜೀವಿಗಳ ಅಂಶ ಇದ್ದಿದ್ದರೆ ಅದು ಗ್ರಾಫೈಟ್ ಆಗಿಹೋಗಿರುತ್ತದೆ, ಪೆನ್ಸಿಲ್ ಕಡ್ಡಿಯಲ್ಲಿ ಇರುತ್ತದಲ್ಲ, ಅದೇ. ಎಣ್ಣೆಗೆ ಬೇಕಾದದ್ದು ಪದರುಶಿಲೆ. ಅಂದರೆ ಕೆರೆ, ನದಿ, ಸಮುದ್ರದ ತಳದಲ್ಲಿ ಮಣ್ಣು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು.

ನಮ್ಮ ಗದ್ದೆ ಬದುವಿನ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪೊರೆ ತೇಲುತ್ತಾ ಇದೆಯಲ್ಲ, ಅದೇನು ಹಾಗಾದರೆ?

ಇದನ್ನು ಕೇಳದ ಮಳೆಗಾಲವೇ ಇಲ್ಲ. ಒಂದು ಕಡ್ಡಿ ತಗೊಂಡು ಪೊರೆಯನ್ನು ಮೆಲ್ಲಗೆ ಕದಡಿ ನೋಡಿ. ಒಡೆದ ಗಾಜಿನ ಹಾಗೆ ಮೂಲೆ ಮೂಲೆಯ ಚೂರಾಗಿ ಬೇರೆಯಾಗಿ ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಮಾಡಿದ ಪೊರೆ. ಕಡ್ಡಿ ತೆಗೆದ ಕೂಡಲೇ ಮತ್ತೆ ಹರಿದು ಒಂದಾದರೆ ಅದು ಎಣ್ಣೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ, ಹಾಗಾಗಿ ಪೊರೆಯ ಪಕ್ಕದಲ್ಲೇ ಕಾವಿ ಬಣ್ಣದ ಲೋಳೆಯೂ ಕಾಣುತ್ತದೆ. ಒಮ್ಮೊಮ್ಮೆ ನಿಜವಾದ ಎಣ್ಣೆಯೂ ಇರಬಹುದು, ಆದರೆ ಅದು ಮೇಲಿನಿಂದ ಬಂದದ್ದು: ಪಂಪ್‌ಸೆಟ್ಟಿನ ಡೀಸೆಲ್, ಟಿಲ್ಲರಿನ ಆಯಿಲ್.

2018ರ ಮಳೆಗೆ ಗುಡ್ಡ ಜಾರಿದ ಜಾಗದಲ್ಲಿ ಕಪ್ಪಗೆ ಹೊಳೆಯುವ ಕಲ್ಲು ಸಿಕ್ಕಿದೆ. ಕಲ್ಲಿದ್ದಲಾ?

ಅಲ್ಲ. ಉಗುರಿನಲ್ಲಿ ಕೆರೆದರೆ ಈರುಳ್ಳಿ ಸಿಪ್ಪೆಯ ಹಾಗೆ ತೆಳು ಹಾಳೆ ಎದ್ದುಬಂದರೆ ಅದು ಕಪ್ಪು ಅಭ್ರಕ, ಬಯೊಟೈಟ್. ಏಳದೆ ಗಟ್ಟಿಯಾಗಿದ್ದರೆ ಹೆಚ್ಚಾಗಿ ಹಾರ್ನ್‌ಬ್ಲೆಂಡ್. ಕಲ್ಲಿದ್ದಲು ಕೈಯಲ್ಲಿ ಹಿಡಿದರೆ ಹಗುರ, ಇವು ಭಾರ.

ಸರಿ, ಕೆರೋಜೆನ್ ಅಂದರೇನು?

ಪದರುಶಿಲೆಯೊಳಗೆ ಸಿಕ್ಕಿಕೊಂಡಿರುವ ಜೀವಿಗಳ ಅಂಶದಲ್ಲಿ ಎರಡು ಪಾಲು. ಕಲ್ಲನ್ನು ಪುಡಿ ಮಾಡಿ ಕ್ಲೋರೋಫಾರ್ಮ್‌ನಂಥ ದ್ರಾವಕದಲ್ಲಿ ನೆನೆಸಿದರೆ ಸ್ವಲ್ಪ ಕರಗಿ ಬರುತ್ತದೆ, ಅದು ಬಿಟುಮೆನ್. ಏನು ಮಾಡಿದರೂ ಕರಗದೆ ಉಳಿಯುವ ದೊಡ್ಡ ಪಾಲೇ ಕೆರೋಜೆನ್. ಕಾಫಿ ಸೋಸಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಗಸಿಯ ಹಾಗೆ ಅಂದುಕೊಳ್ಳಿ. ಒಂದು ವ್ಯತ್ಯಾಸ ಇದೆ. ಇಲ್ಲಿ ಬೆಲೆ ಇರುವುದೇ ಗಸಿಗೆ, ಯಾಕೆಂದರೆ ಅದನ್ನು ಭೂಮಿ ನಿಧಾನಕ್ಕೆ ಬೇಯಿಸಿದಾಗ ಒಡೆದು ಎಣ್ಣೆ, ಗ್ಯಾಸ್ ಕೊಡುತ್ತದೆ.

ಹೆಸರು ಇಟ್ಟದ್ದು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಕ್ರಮ್ ಬ್ರೌನ್, 1906ರಲ್ಲಿ. ಗ್ರೀಕಿನಲ್ಲಿ ‘ಕೆರೋಸ್’ ಅಂದರೆ ಮೇಣ. ಅಲ್ಲಿನ ಶೇಲ್ ಕಲ್ಲನ್ನು, ಅಂದರೆ ಜೇಡಿ ಕೆಸರು ಗಟ್ಟಿಯಾದ ಪದರುಶಿಲೆಯನ್ನು, ಕಾಯಿಸಿದರೆ ಮೇಣದಂಥ ಎಣ್ಣೆ ಬರುತ್ತಿತ್ತು, ಅದಕ್ಕೆ ಈ ಹೆಸರು. ಭೂಮಿಯಲ್ಲಿರುವ ಜೀವಿಮೂಲದ ಇಂಗಾಲದಲ್ಲಿ ಅತಿ ದೊಡ್ಡ ಪಾಲು ಇದೇ ರೂಪದಲ್ಲಿದೆ. ಎಲ್ಲ ಕಾಡು, ಎಲ್ಲ ಕಲ್ಲಿದ್ದಲು, ಎಲ್ಲ ಎಣ್ಣೆ ಸೇರಿಸಿದರೂ ಅದರ ಮುಂದೆ ಚಿಕ್ಕದು.

ಗಿಡ ಮರ ಜೀವಿ ಎಲ್ಲಾ ಕಡೆ ಸಾಯುತ್ತವೆ. ಎಲ್ಲಾ ಕಲ್ಲಲ್ಲೂ ಕೆರೋಜೆನ್ ಇರಬೇಕಲ್ವಾ?

ಸತ್ತದ್ದರಲ್ಲಿ ನೂರಕ್ಕೆ ಒಂದು ಪಾಲು ಕೂಡ ಕಲ್ಲು ಸೇರುವುದಿಲ್ಲ. ತೋಟದಲ್ಲಿ ಸಿಲ್ವರ್ ಓಕ್ ಎಲೆ ಎಷ್ಟು ಬೀಳುತ್ತದೆ ನೋಡಿ, ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಮಣ್ಣಾಗಿರುತ್ತದೆ. ಗಾಳಿ ಸಿಕ್ಕಿದರೆ ಗೆದ್ದಲು, ಶಿಲೀಂಧ್ರ, ಬ್ಯಾಕ್ಟೀರಿಯಾ ಎಲ್ಲ ತಿಂದು ಮುಗಿಸುತ್ತವೆ.

ಈಗ ಗದ್ದೆಗೆ ಬನ್ನಿ. ಉತ್ತ ಗದ್ದೆಯ ಕೆಸರಿಗೆ ಮೊಣಕೈವರೆಗೂ ಕೈ ಹಾಕಿ ಒಂದು ಮುಷ್ಟಿ ತೆಗೆಯಿರಿ. ಮೇಲಿನ ಒಂದೆರಡು ಬೆರಳು ಕಂದು, ಅದರ ಕೆಳಗೆ ಬೂದುಗಪ್ಪು. ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ. ಕಳೆದ ಬೆಳೆಯ ಬೇರಿನ ತುಂಡು ಅದರೊಳಗೆ ಇನ್ನೂ ಗಟ್ಟಿಯಾಗಿ ಇರುತ್ತದೆ. ಅಲ್ಲಿಗೆ ಗಾಳಿ ಹೋಗುವುದಿಲ್ಲ, ಆ ವಾಸನೆಯೇ ಅದಕ್ಕೆ ಗುರುತು. ಎಣ್ಣೆ ಕೊಡುವ ಕಲ್ಲುಗಳು ಹುಟ್ಟಿದ್ದು ಇಂಥ ಕೆಸರಿನಲ್ಲಿ, ಆದರೆ ದೊಡ್ಡ ಸರೋವರದ, ಸಮುದ್ರದ ತಳದಲ್ಲಿ, ಲಕ್ಷಾಂತರ ವರ್ಷ ಒಂದೇ ಸಮನೆ.

ಎಷ್ಟು ಇದ್ದರೆ ಸಾಕು ಅಂತಲೂ ಕೇಳುತ್ತಾರೆ. ಕಲ್ಲಿನ ತೂಕದಲ್ಲಿ ಜೀವಿಮೂಲದ ಇಂಗಾಲ ನೂರಕ್ಕೆ 0.5ಕ್ಕಿಂತ ಕಡಿಮೆ ಇದ್ದರೆ ಬಡ ಕಲ್ಲು. 1ರಿಂದ 2 ಒಳ್ಳೆಯದು. 4 ದಾಟಿದರೆ ಬಹಳ ಒಳ್ಳೆಯದು. ಈ ಅಳತೆಗೆ ಟಿಓಸಿ ಅನ್ನುತ್ತಾರೆ.

ಕೆರೋಜೆನ್‌ನಲ್ಲಿ ಎಷ್ಟು ಬಗೆ? ಯಾವುದರಿಂದ ಏನು ಬರುತ್ತೆ?

ನಾಲ್ಕು. ಹೇಗೆ ಬೇರೆ ಮಾಡುತ್ತಾರೆ ಅನ್ನುವುದಕ್ಕೆ ಒಂದೇ ಮಾತು ನೆನಪಿಡಿ: ಇಂಗಾಲದ ಜೊತೆ ಜಲಜನಕ ಎಷ್ಟಿದೆ. ಎಣ್ಣೆ ಅಂದರೆ ಜಲಜನಕ ತುಂಬಿಕೊಂಡ ಇಂಗಾಲದ ಸರಪಳಿ. ಮೂಲ ವಸ್ತುವಿನಲ್ಲಿ ಜಲಜನಕ ಇಲ್ಲದಿದ್ದರೆ ಎಣ್ಣೆ ಎಲ್ಲಿಂದ ಬರಬೇಕು?

ಟೈಪ್ 1 ಹೆಚ್ಚಾಗಿ ಸರೋವರದ ಪಾಚಿಯದು. ಇಂಗಾಲದ ಒಂದು ಪರಮಾಣುವಿಗೆ ಜಲಜನಕದ್ದು 1.5ಕ್ಕಿಂತ ಜಾಸ್ತಿ. ಬೋಟ್ರಿಯೊಕಾಕಸ್ ಅನ್ನುವ ಒಂದು ಹಸಿರು ಪಾಚಿ ಇದೆ, ಕಾಳುಮೆಣಸಿನ ಗೊಂಚಲಿನ ಹಾಗೆ ಜೀವಕೋಶಗಳು ಒತ್ತಾಗಿ ಅಂಟಿಕೊಂಡಿರುತ್ತವೆ, ಅದು ಬದುಕಿರುವಾಗಲೇ ಮೈಯಲ್ಲಿ ಎಣ್ಣೆ ಮಾಡಿಕೊಳ್ಳುತ್ತದೆ. ಅಮೆರಿಕದ ಕೊಲೊರಾಡೊ, ಯೂಟಾ, ವಯೋಮಿಂಗ್ ರಾಜ್ಯಗಳ ಗ್ರೀನ್ ರಿವರ್ ಶೇಲ್ ಈ ಬಗೆಗೆ ಎಲ್ಲರೂ ಕೊಡುವ ಉದಾಹರಣೆ, ಸುಮಾರು 5 ಕೋಟಿ ವರ್ಷದ ಹಿಂದಿನ ಸರೋವರದ ಕೆಸರು ಅದು. ನಮ್ಮಲ್ಲಿ ರಾಜಸ್ಥಾನದ ಬಾರ್ಮೇರ್ ಇದೆ. 2004ರಲ್ಲಿ ಸಿಕ್ಕ ಮಂಗಳಾ ಎಣ್ಣೆ ನಿಕ್ಷೇಪದ ತವರು ಅಲ್ಲಿನ ಬಾರ್ಮೇರ್ ಹಿಲ್ ಅನ್ನುವ ಸರೋವರದ ಶೇಲ್. ಇಂಥ ಎಣ್ಣೆಯಲ್ಲಿ ಮೇಣ ಬಹಳ. ತಣ್ಣಗಾದರೆ ಚಳಿಗಾಲದ ಕೊಬ್ಬರಿ ಎಣ್ಣೆ ಥರ ಗಟ್ಟಿಯಾಗುತ್ತದೆ, ಹಾಗಾಗಿ ಅದನ್ನು ಗುಜರಾತಿಗೆ ಸಾಗಿಸುವ ಪೈಪನ್ನು ದಾರಿಯುದ್ದಕ್ಕೂ ಬಿಸಿ ಇಡಬೇಕು.

ಟೈಪ್ 2 ಸಮುದ್ರದ್ದು. ಕಣ್ಣಿಗೆ ಕಾಣದ ತೇಲುವ ಜೀವಿಗಳು, ಅವುಗಳನ್ನು ತಿಂದ ಬ್ಯಾಕ್ಟೀರಿಯಾ, ಎಲ್ಲ ಬೆರೆತ ಲೋಳೆ. ಜಲಜನಕ 1.2ರಿಂದ 1.5. ಜಗತ್ತಿನ ಎಣ್ಣೆಯ ದೊಡ್ಡ ಪಾಲು ಬಂದದ್ದು ಇದರಿಂದ. ಬ್ರಿಟನ್, ನಾರ್ವೆ ನಡುವಿನ ನಾರ್ತ್ ಸೀ ಎಣ್ಣೆಗೆ ಕಿಮ್ಮರಿಜ್ ಕ್ಲೇ ಅನ್ನುವ ಕಪ್ಪು ಕಲ್ಲು ತವರು.

ಇದರಲ್ಲೇ 2-ಎಸ್ ಅಂತ ಒಂದು ಒಳಬಗೆ, ಗಂಧಕ ಜಾಸ್ತಿ ಇರುವುದು. ನನಗೆ ಬಹಳ ಇಷ್ಟವಾದ ವಿಷಯ ಇದು. ಗಾಳಿಯಿಲ್ಲದ ಕೆಸರಿನಲ್ಲಿ ಗಂಧಕದ ಒಂದು ಅನಿಲ ಹುಟ್ಟುತ್ತದೆ, ಆಗಲೇ ಹೇಳಿದ ಮೊಟ್ಟೆ ವಾಸನೆ ಅದೇ. ನದಿ ತಂದ ಮಣ್ಣಿನಲ್ಲಿ ಕಬ್ಬಿಣ ಇದ್ದರೆ ಆ ಗಂಧಕವನ್ನು ಅದು ಹಿಡಿದುಕೊಂಡು ಪೈರೈಟ್ ಆಗುತ್ತದೆ. ನಮ್ಮ ಕೆಂಪು ಮಣ್ಣಿನಂಥದ್ದು ಬಂದು ಸೇರುವ ಕಡೆ ಹೀಗೇ ಆಗುತ್ತದೆ. ನದಿ ಮಣ್ಣು ಬಾರದ, ಬರೀ ಸುಣ್ಣದ ಅಥವಾ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿಯ ಚಿಪ್ಪಿನ ಕೆಸರಾದರೆ ಗಂಧಕ ಹಿಡಿಯಲು ಕಬ್ಬಿಣವೇ ಇಲ್ಲ, ಅದು ಹೋಗಿ ಕೆರೋಜೆನ್‌ಗೇ ಅಂಟುತ್ತದೆ. ಗಂಧಕದ ಕೊಂಡಿ ಸಡಿಲ. ಬೇಗ ಕಳಚುತ್ತದೆ. ಹಾಗಾಗಿ ಈ ಕಲ್ಲು ಕಡಿಮೆ ಬಿಸಿಯಲ್ಲೇ ಎಣ್ಣೆ ಬಿಡುತ್ತದೆ, ಆ ಎಣ್ಣೆ ಮಂದವಾಗಿ, ಗಂಧಕ ತುಂಬಿಕೊಂಡಿರುತ್ತದೆ. ಕ್ಯಾಲಿಫೋರ್ನಿಯದ ಮಾಂಟೆರಿ ಕಲ್ಲು ಹೀಗೆ.

ಟೈಪ್ 3 ನೆಲದ ಮರಗಿಡಗಳದ್ದು, ಕಟ್ಟಿಗೆಯದ್ದು. ಜಲಜನಕ 0.7ರಿಂದ 1, ಆಮ್ಲಜನಕ ಜಾಸ್ತಿ. ಮುಖ್ಯವಾಗಿ ಗ್ಯಾಸ್ ಕೊಡುತ್ತದೆ. ಟೈಪ್ 4 ಏನೂ ಕೊಡುವುದಿಲ್ಲ: ಸುಟ್ಟ ಇದ್ದಿಲು, ಗಾಳಿಗೆ ಸವೆದು ಹಳೆಯ ಕಲ್ಲಿನಿಂದ ಮತ್ತೊಮ್ಮೆ ಕೊಚ್ಚಿ ಬಂದ ಚೂರು.

ಜಲಜನಕವನ್ನು ಒಂದು ಅಕ್ಷಕ್ಕೆ, ಆಮ್ಲಜನಕವನ್ನು ಇನ್ನೊಂದಕ್ಕೆ ಹಾಕಿ ನಕ್ಷೆ ಬರೆಯುವ ಉಪಾಯ ಡಚ್ ವಿಜ್ಞಾನಿ ವಾನ್ ಕ್ರೆವೆಲೆನ್‌ ಅವರದು. 1950ರಲ್ಲಿ ಅವರು ಅದನ್ನು ಕಲ್ಲಿದ್ದಲಿಗೆ ಮಾಡಿದ್ದರು. ಫ್ರಾನ್ಸಿನ ಪೆಟ್ರೋಲಿಯಂ ಸಂಸ್ಥೆಯ ಬರ್ನಾರ್ಡ್ ಟಿಸ್ಸೊ ಮತ್ತು ಸಂಗಡಿಗರು 1974ರಲ್ಲಿ ಅದೇ ನಕ್ಷೆಯ ಮೇಲೆ ಕೆರೋಜೆನ್ ಇಟ್ಟು, ಬೇಯುತ್ತಾ ಹೋದ ಹಾಗೆ ಒಂದೊಂದು ಬಗೆ ಸಾಗುವ ದಾರಿಯನ್ನು 1, 2, 3 ಅಂತ ಗುರುತಿಸಿದರು.

ಹೆಸರು ಏನಾದರೇನು, ಎಣ್ಣೆ ಬಂದರೆ ಸಾಕಲ್ವಾ?

ಹೆಸರಿಗಾಗಿ ಕೋರ್ಟಿಗೇ ಹೋದವರಿದ್ದಾರೆ. ಸ್ಕಾಟ್ಲೆಂಡಿನ ಟೊರ್ಬೇನ್‌ಹಿಲ್ ಅನ್ನುವ ಜಾಗದಲ್ಲಿ ಕಲ್ಲಿದ್ದಲು ತೆಗೆಯಲು ಗುತ್ತಿಗೆ ಕೊಟ್ಟಿದ್ದರು. ಸಿಕ್ಕಿದ್ದು ಎಣ್ಣೆ, ಗ್ಯಾಸ್ ತುಂಬಿದ ಒಂದು ವಿಚಿತ್ರ ಕಲ್ಲು. ಭೂಮಾಲೀಕರು, ಇದು ಕಲ್ಲಿದ್ದಲೇ ಅಲ್ಲ, ಗುತ್ತಿಗೆಯಲ್ಲಿ ಸೇರಿಲ್ಲ ಅಂತ ದಾವೆ ಹಾಕಿದರು. 1853ರಲ್ಲಿ ಎಡಿನ್‌ಬರೋದಲ್ಲಿ ವಿಚಾರಣೆ. ವಿಜ್ಞಾನಿಗಳು ಎರಡೂ ಕಡೆ ನಿಂತು ಸಾಕ್ಷಿ ಹೇಳಿದರು. ಕೊನೆಗೆ ಗುತ್ತಿಗೆದಾರರು ಗೆದ್ದರು. ಆ ಕಲ್ಲಿಗೆ ಈಗ ಟೊರ್ಬನೈಟ್ ಅನ್ನುತ್ತಾರೆ, ಒಳಗಿರುವುದು ಮೇಲೆ ಹೇಳಿದ ಬೋಟ್ರಿಯೊಕಾಕಸ್ ಪಾಚಿ, ಅಂದರೆ ಪಕ್ಕಾ ಟೈಪ್ 1.

ಇವತ್ತು ಬಾವಿ ಕೊರೆಯುವವರಿಗೂ ಅಷ್ಟೇ ಮುಖ್ಯ. ಕೆಳಗಿರುವ ಕಲ್ಲು ಟೈಪ್ 3 ಅಂತ ಗೊತ್ತಾದರೆ ಗ್ಯಾಸಿಗೆ ಬೇಕಾದ ಪೈಪು, ಕೊಳ್ಳುವವರು ಇದ್ದಾರಾ ಅಂತ ಮೊದಲೇ ನೋಡಬೇಕಾಗುತ್ತದೆ.

ಮೈಕ್ರೋಸ್ಕೋಪಿನಲ್ಲಿ ಏನು ಕಾಣುತ್ತೆ?

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಕಲ್ಲಿನ ಪುಡಿಯನ್ನು ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಟ್ಟು ಸುಣ್ಣ ಕರಗಿಸುತ್ತೇವೆ. ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲ. ಅದು ಮರಳು, ಜೇಡಿ ಎಲ್ಲ ತಿಂದುಹಾಕುತ್ತದೆ. ಗಾಜನ್ನೂ ತಿನ್ನುತ್ತದೆ, ಅದಕ್ಕೆ ಪ್ಲಾಸ್ಟಿಕ್ ಪಾತ್ರೆಯಲ್ಲೇ ಮಾಡಬೇಕು. ಮೈಗೆ ತಾಗಿದರೆ ಜೀವಕ್ಕೇ ಅಪಾಯ, ಆದ್ದರಿಂದ ಕಾಲೇಜು ಹುಡುಗರು ಯಾರೂ ಮಾರ್ಗದರ್ಶಕರು ಇಲ್ಲದೆ ಮುಟ್ಟಬೇಡಿ. ಕೊನೆಗೆ ಟ್ಯೂಬಿನ ತಳದಲ್ಲಿ ಒಂದು ಚಿಟಿಕೆ ಕಂದು ಮಡ್ಡಿ ಉಳಿಯುತ್ತದೆ. ಒಂದು ಹನಿ ಗಾಜಿನ ಮೇಲೆ ಹಾಕಿ ನೋಡಿದರೆ, ಕೋಟಿ ವರ್ಷದ ಹಿಂದಿನ ಕಾಡು ಕಣ್ಣ ಮುಂದೆ.

ಹೆಸರುಗಳು ಕಷ್ಟ ಅನಿಸಬಹುದು, ಆದರೆ ವಸ್ತುಗಳು ನಮ್ಮ ಊರಿನವೇ. ತೆರ್ಮೆ ಸೊಪ್ಪು, ಬೇರೆ ಜರಿಗಿಡಗಳ ಎಲೆ ಬಲಿತಾಗ ಹಿಂಬದಿಯಲ್ಲಿ ಕಂದು ಪುಡಿ ಇರುತ್ತದಲ್ಲ, ಅವೇ ಬೀಜಕಣ. ಕಲ್ಲಿನಲ್ಲಿ ಸಿಕ್ಕರೆ ಸ್ಪೋರಿನೈಟ್. ಕಾಫಿ ಎಲೆ ಮಿರಮಿರ ಮಿಂಚುವುದು ಮೇಲಿನ ಮೇಣದ ಪೊರೆಯಿಂದ. ಎಲೆ ಕೊಳೆತರೂ ಆ ಪೊರೆ ಬೇಗ ಕೊಳೆಯುವುದಿಲ್ಲ, ಅದು ಕ್ಯೂಟಿನೈಟ್. ಧೂಪದ ಮರದ ಅಂಟು ರೆಸಿನೈಟ್. ಪಾಚಿ ಆಲ್ಜಿನೈಟ್. ಈ ನಾಲ್ಕನ್ನೂ ಸೇರಿಸಿ ಲಿಪ್ಟಿನೈಟ್ ಅನ್ನುತ್ತಾರೆ. ನೇರಳಾತೀತ ಬೆಳಕು ಹಾಕಿದರೆ ಇವು ಹಳದಿ, ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತವೆ. ಎಣ್ಣೆ ಕೊಡುವುದು ಹೆಚ್ಚಾಗಿ ಇವೇ. ಕಟ್ಟಿಗೆ, ಬೇರು, ತೊಗಟೆಯಿಂದ ಬಂದದ್ದು ವಿಟ್ರಿನೈಟ್, ಗ್ಯಾಸಿನ ಮೂಲ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಉಳಿಯುವ ಇದ್ದಿಲು ಇನರ್ಟಿನೈಟ್, ಸತ್ತ ಸರಕು. ಇದ್ದಿಲಿನಲ್ಲಿ ಕಟ್ಟಿಗೆಯ ಜೀವಕೋಶದ ಗೋಡೆಗಳು ಜೇನುಗೂಡಿನ ಹಾಗೆ ಸ್ಪಷ್ಟ ಕಾಣುತ್ತವೆ.

ಧೂಪದ ವಿಷಯ ಬಂತು, ಅದಕ್ಕೊಂದು ಮಾತು. ಗುಜರಾತಿನ ಖಂಭಾತ್ ಪ್ರದೇಶದ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷಕ್ಕೂ ಹಳೆಯ ಅಂಬರ್ ಸಿಕ್ಕಿದೆ, ಒಳಗೆ ಕೀಟಗಳೂ ಇವೆ. ಪರೀಕ್ಷೆ ಮಾಡಿ ನೋಡಿದರೆ ಅದು ಡಿಪ್ಟೆರೊಕಾರ್ಪ್ ಕುಟುಂಬದ ಮರದ ಅಂಟು. ನಮ್ಮ ಧೂಪದ ಮರ ಇದೇ ಕುಟುಂಬದ್ದು. ಮಾಕುಟ್ಟ ಕಡೆಯ ಕಾಡಿನಲ್ಲಿ ಧೂಪದ ಮರ ಕಂಡಾಗೆಲ್ಲ ನನಗೆ ಆ ಗಣಿ ನೆನಪಾಗುತ್ತದೆ.

ರಾಕ್-ಇವಾಲ್ ಯಂತ್ರ ಏನು ಮಾಡುತ್ತೆ?

ಭೂಮಿ ಕೋಟ್ಯಂತರ ವರ್ಷ ಮಾಡುವ ಅಡುಗೆಯನ್ನು ಅರ್ಧ ಗಂಟೆಯಲ್ಲಿ ಮಾಡಿ ತೋರಿಸುತ್ತದೆ. 1970ರ ದಶಕದಲ್ಲಿ ಫ್ರಾನ್ಸಿನ ಅದೇ ಸಂಸ್ಥೆಯಲ್ಲಿ ತಯಾರಾದ ಯಂತ್ರ. ಕಲ್ಲಿನ ಪುಡಿ 100 ಮಿಲಿಗ್ರಾಂ ಸಾಕು, ಅಂದರೆ ಎರಡು ಬೆರಳಲ್ಲಿ ಹಿಡಿಯುವ ಚಿಟಿಕೆ. ಗಾಳಿ ಇಲ್ಲದ ಕುಲುಮೆಯಲ್ಲಿ ಮೊದಲು 300 ಡಿಗ್ರಿಯಲ್ಲಿ ಕೆಲವು ನಿಮಿಷ. ಕಲ್ಲಿನಲ್ಲಿ ಆಗಲೇ ತಯಾರಾಗಿ ಕೂತಿರುವ ಎಣ್ಣೆ ಹಾರಿ ಬರುತ್ತದೆ. ಅದು ಎಸ್1. ಆಮೇಲೆ ನಿಮಿಷಕ್ಕೆ 25 ಡಿಗ್ರಿ ಏರಿಸುತ್ತಾ 600 ಡಿಗ್ರಿ ದಾಟಿಸುತ್ತಾರೆ. ಕೆರೋಜೆನ್ ಒಡೆದು ಹೊಸದಾಗಿ ಹುಟ್ಟುವ ಎಣ್ಣೆ, ಗ್ಯಾಸ್ ಎಸ್2. ಹೊರಬರುವ ಇಂಗಾಲದ ಡೈ ಆಕ್ಸೈಡ್ ಎಸ್3. ಎಸ್2 ಶಿಖರ ಮುಟ್ಟುವ ಬಿಸಿಗೆ ಟಿ-ಮ್ಯಾಕ್ಸ್ ಅನ್ನುತ್ತಾರೆ. ಕಾಫಿ ಬೀಜ ಹುರಿದವರಿಗೆ ಇದು ಸುಲಭ. ಮೊದಲು ಒಳಗಿನ ನೀರು ಹೋಗುತ್ತದೆ, ಆಮೇಲೆ ಬೀಜವೇ ಬದಲಾಗಿ ಘಮ ಹೊರಡುತ್ತದೆ. ಎರಡೂ ಹೊಗೆಯೇ, ಆದರೆ ಬೇರೆ ಬೇರೆ.

ಅಂದ ಹಾಗೆ, 400 ಡಿಗ್ರಿ ಮೀರಿದ ಟಿ-ಮ್ಯಾಕ್ಸ್ ನೋಡಿ ಭೂಮಿಯಲ್ಲೂ ಅಷ್ಟು ಬಿಸಿ ಬೇಕು ಅಂದುಕೊಳ್ಳಬೇಡಿ. ಅಲ್ಲಿ ಸಮಯ ಇದೆ, ಸಣ್ಣ ಉರಿ ಸಾಕು. ಯಂತ್ರಕ್ಕೆ ಸಮಯ ಇಲ್ಲ, ದೊಡ್ಡ ಉರಿ ಬೇಕು.

ಲೆಕ್ಕ ಹೇಗೆ? ಪರೀಕ್ಷೆಗೆ ಬರುತ್ತೆ ಸಾರ್.

ಹೈಡ್ರೋಜನ್ ಇಂಡೆಕ್ಸ್, ಎಚ್‌ಐ ಅಂತ ಕರೆಯುತ್ತೇವೆ. ಎಸ್2 ಅನ್ನು ಟಿಓಸಿಯಿಂದ ಭಾಗಿಸಿ 100ರಿಂದ ಗುಣಿಸಿ. ಕಲ್ಲಿನ ಟಿಓಸಿ 4, ಎಸ್2 ಒಂದು ಗ್ರಾಂ ಕಲ್ಲಿಗೆ 26 ಮಿಲಿಗ್ರಾಂ ಅಂತಿಟ್ಟುಕೊಳ್ಳಿ. ಎಚ್‌ಐ 650. ಅಂದರೆ ಅದರಲ್ಲಿರುವ ಒಂದು ಗ್ರಾಂ ಇಂಗಾಲ 650 ಮಿಲಿಗ್ರಾಂ ಎಣ್ಣೆ, ಗ್ಯಾಸ್ ಕೊಡಬಲ್ಲದು. 600ಕ್ಕಿಂತ ಜಾಸ್ತಿ ಟೈಪ್ 1, 300ರಿಂದ 600 ಟೈಪ್ 2, 200ರಿಂದ 300 ಎರಡು ಮೂರರ ಬೆರಕೆ, 50ರಿಂದ 200 ಟೈಪ್ 3, ಅದಕ್ಕೂ ಕೆಳಗೆ ಟೈಪ್ 4. ಎಸ್3ಕ್ಕೂ ಇದೇ ಲೆಕ್ಕ, ಬರುವುದು ಆಕ್ಸಿಜನ್ ಇಂಡೆಕ್ಸ್.

ಟಿಓಸಿ 2, ಎಸ್2 3, ಎಚ್‌ಐ 150 ಬಂತು. ಟೈಪ್ 3 ಅಂತ ಬರೆದುಬಿಡಲಾ?

ಬರೆಯಬೇಡಿ. ದಯವಿಟ್ಟು. ಈ ಪುಟದಲ್ಲಿ ಬೇರೇನೂ ಓದದಿದ್ದರೂ ಇದೊಂದನ್ನು ಓದಿ.

ಆ ಅಂಕಿಗಳು ಬೇಯದ ಕಲ್ಲಿಗೆ ಮಾತ್ರ. ಕಲ್ಲು ಬೆಂದು ಎಣ್ಣೆ ಬಿಡುತ್ತಾ ಹೋದ ಹಾಗೆ ಅದರ ಜಲಜನಕವೂ ಹೊರಟುಹೋಗುತ್ತದೆ, ಎಚ್‌ಐ ಇಳಿಯುತ್ತದೆ. ಶುರುವಿನಲ್ಲಿ 500 ಇದ್ದ ಟೈಪ್ 2 ಪೂರ್ತಿ ಬೆಂದ ಮೇಲೆ 100 ಆಗಿರಬಹುದು. ನಕ್ಷೆಯಲ್ಲಿ ಮೂರೂ ದಾರಿಗಳು ಕೆಳಗಿನ ಎಡಮೂಲೆಗೆ ಬಂದು ಕೂಡಿಕೊಳ್ಳುತ್ತವೆ. ಭಾಗಮಂಡಲದ ಸಂಗಮದ ಕೆಳಗೆ ನಿಂತು ಒಂದು ಬೊಗಸೆ ನೀರು ತೆಗೆದು, ಇದು ಕಾವೇರಿಯದಾ ಕನ್ನಿಕೆಯದಾ ಅಂತ ಕೇಳಿದರೆ ಹೇಗೆ ಹೇಳುವುದು?

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗೇ ಒಂದು ಬಾವಿಯ ಚೂರುಗಳಿಗೆ ಎಚ್‌ಐ 120 ಬಂತು. ಟೈಪ್ 3, ಗ್ಯಾಸ್ ಮಾತ್ರ ಅಂತ ಬರೆದು ಕಳಿಸಿದೆ. ನಮ್ಮ ಹಿರಿಯರು ಕಾಗದ ವಾಪಸ್ ತಂದು ಎದುರು ಕೂರಿಸಿಕೊಂಡರು. “ಟಿ-ಮ್ಯಾಕ್ಸ್ ಎಷ್ಟಿದೆ?” ಅಂತ ಕೇಳಿದರು. 458 ಇತ್ತು. “ಸ್ಲೈಡ್ ನೋಡಿದೆಯಾ?” ನೋಡಿರಲಿಲ್ಲ. ಇಬ್ಬರೂ ನೋಡಿದೆವು. ಕಟ್ಟಿಗೆಯ ಚೂರು ಹುಡುಕಿದರೂ ಇಲ್ಲ, ಬರೀ ಆಕಾರ ಇಲ್ಲದ ಕಪ್ಪುಗಂದು ಮಡ್ಡಿ. ಅದು ಸಮುದ್ರದ ಟೈಪ್ 2. ತನ್ನ ಎಣ್ಣೆಯನ್ನೆಲ್ಲ ಆಗಲೇ ಬಿಟ್ಟಾಗಿತ್ತು. ಕಾಗದದ ಮೇಲೆ ಒಂದು ಅಂಕಿಯ ವ್ಯತ್ಯಾಸ, ಆದರೆ ಅರ್ಥ ತಲೆಕೆಳಗು. ಎಣ್ಣೆ ಹುಟ್ಟೇ ಇಲ್ಲ ಅನ್ನುವ ಕಡೆ ಎಣ್ಣೆ ಹುಟ್ಟಿ ಹೊರಟುಹೋಗಿದೆ, ಮೇಲಿನ ಮರಳುಗಲ್ಲಿನಲ್ಲಿ ಹುಡುಕಿ ಅಂತ ಹೇಳಬೇಕಿತ್ತು. ಅವತ್ತಿನಿಂದ ಸ್ಲೈಡ್ ನೋಡದೆ ನಾನು ಬಗೆ ಬರೆದಿಲ್ಲ.

ಬೇರೆ ಮೋಸಗಳೂ ಇವೆ. ಇಂಗಾಲ ಕಡಿಮೆ ಇರುವ ಜೇಡಿಕಲ್ಲಿನಲ್ಲಿ ಹುಟ್ಟಿದ ಎಣ್ಣೆಯನ್ನು ಜೇಡಿಯೇ ಹಿಡಿದಿಟ್ಟುಕೊಂಡು ಎಸ್2 ಕಡಿಮೆ ತೋರಿಸುತ್ತದೆ. ಮಳೆ ಗಾಳಿಗೆ ಒಡ್ಡಿಕೊಂಡ ಕಲ್ಲಿನಲ್ಲಿ ಜಲಜನಕ ಇಳಿದು ಆಮ್ಲಜನಕ ಏರಿರುತ್ತದೆ, ಹಾಗಾಗಿ ರಸ್ತೆ ಬದಿಯ ಮೇಲ್ಮೈ ಚೂರು ತರದೆ ಒಳಗೆ ಅಗೆದು ತನ್ನಿ. ಬಾವಿ ಕೊರೆಯುವಾಗ ಒಳಗೆ ಹರಿಸುವ ಕೆಸರಿಗೆ ಡೀಸೆಲ್ ಬೆರೆಸಿದ್ದರೆ ಎಸ್1 ಸುಮ್ನೆ ಆಕಾಶಕ್ಕೆ ಏರುತ್ತದೆ. ಒಂದು ಕಡೆಯಿಂದ ಬಂದ ಚೀಲ ಬಿಚ್ಚಿದಾಗಲೇ ಡೀಸೆಲ್ ವಾಸನೆ ಹೊಡೆದಿತ್ತು, ಆದರೂ ಜೊತೆಗಿದ್ದ ಕಾಗದದಲ್ಲಿ ನೀರಿನ ಕೆಸರು ಅಂತ ಬರೆದಿತ್ತು. ಮೂಗನ್ನೂ ನಂಬಿ.

ಎಷ್ಟು ಬೆಂದಿದೆ ಅಂತ ಬೇರೆ ಹೇಗೆ ಗೊತ್ತಾಗುತ್ತೆ?

ಬೀಜಕಣದ ಬಣ್ಣ ನೋಡಿ. ಬೇಯದ್ದು ತಿಳಿ ಹಳದಿ, ಎಣ್ಣೆಯ ಹೊತ್ತಿಗೆ ಕಿತ್ತಳೆ, ಕಂದು. ಗ್ಯಾಸಿನ ಹೊತ್ತಿಗೆ ಕಡುಗಂದು, ಆಮೇಲೆ ಕಪ್ಪು. ಬಾಣಲೆಯಲ್ಲಿ ಕಾಫಿ ಬೀಜ ಹಾದುಹೋಗುವ ಬಣ್ಣಗಳೇ ಇವು, ಅದೇ ಸಾಲಿನಲ್ಲಿ.

ಇನ್ನೊಂದು, ವಿಟ್ರಿನೈಟ್ ಎಷ್ಟು ಬೆಳಕು ಹಿಂದಕ್ಕೆ ಕಳಿಸುತ್ತದೆ ಅಂತ ಅಳೆಯುವುದು. ಬೆಂದಷ್ಟೂ ಹೊಳಪು ಜಾಸ್ತಿ. ನೂರಕ್ಕೆ 0.6ರ ಸುಮಾರಿಗೆ ಎಣ್ಣೆ ಶುರು, 1.3ಕ್ಕೆ ಮುಗಿಯಿತು, 2 ದಾಟಿದರೆ ಒಣ ಗ್ಯಾಸ್, ಅಂದರೆ ಹೆಚ್ಚುಕಡಿಮೆ ಬರೀ ಮೀಥೇನ್, ಮಾತ್ರ. ಟಿ-ಮ್ಯಾಕ್ಸ್ ಆದರೆ 435ರಿಂದ 470ರೊಳಗೆ ಎಣ್ಣೆಯ ಕಾಲ.

ಟೈಪ್ 3, ಕಲ್ಲಿದ್ದಲು ಅಂದರೆ ಎಣ್ಣೆಯೇ ಇಲ್ಲ ಅಂತಾನಾ?

ಹಾಗೇನಿಲ್ಲ. ಅಸ್ಸಾಂ ನೋಡಿ. 1889ರಲ್ಲಿ ದಿಗ್ಬೋಯ್‌ನಲ್ಲಿ ಎಣ್ಣೆ ಸಿಕ್ಕಿತು. ಮೇಲಿನ ಅಸ್ಸಾಮಿನ ಎಣ್ಣೆಯ ತವರು ಬರೈಲ್ ಅನ್ನುವ ಕಲ್ಲಿದ್ದಲು ಮತ್ತು ಶೇಲ್ ಪದರಗಳು, ನೆಲದ ಗಿಡಗಳಿಂದ ಬಂದದ್ದು. ಆಸ್ಟ್ರೇಲಿಯದ ಗಿಪ್ಸ್‌ಲ್ಯಾಂಡ್‌ನಲ್ಲೂ ಹೀಗೇ. ಕಟ್ಟಿಗೆಯ ಜೊತೆ ಎಲೆಯ ಮೇಣ, ಅಂಟು, ಬೀಜಕಣ ಎಷ್ಟು ಬೆರೆತಿದೆ ಅನ್ನುವುದರ ಮೇಲೆ ನಿಂತಿದೆ. ಅದಕ್ಕೇ ಟೈಪ್ 3 ಅಂತ ಒಂದು ಅಂಕಿ ಬರೆದು ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ, ಒಳಗೆ ಏನೇನು ಎಷ್ಟೆಷ್ಟು ಇದೆ ಅಂತಲೂ ಬರೆಯಬೇಕು.

ಬಾಗಲಕೋಟೆ, ಕಲಬುರಗಿ ಕಡೆ ಪದರುಶಿಲೆ ಇದೆಯಲ್ಲ?

ಇದೆ. ಕಲಾದಗಿ, ಭೀಮಾ ಜಲಾನಯನದ ಕಲ್ಲುಗಳು. ಮನೆಗೆ ಹಾಸುವ ಶಹಾಬಾದ್ ಕಲ್ಲು ಅಲ್ಲಿಯದೇ. ಆದರೆ ಅವು ನೆಲದ ಮೇಲೆ ಗಿಡಗಳು ಬರುವುದಕ್ಕಿಂತ ಬಹಳ ಹಿಂದಿನವು. ನೆಲದಲ್ಲಿ ಗಿಡ ಹರಡಿದ್ದು 40 ಕೋಟಿ ವರ್ಷದ ಈಚೆ. ಹಾಗಾಗಿ ಅಲ್ಲಿ ಗಿಡದ ಟೈಪ್ 3 ಇರುವ ಪ್ರಶ್ನೆಯೇ ಇಲ್ಲ, ವಿಟ್ರಿನೈಟೂ ಇಲ್ಲ. ಜೀವಿ ಅಂಶ ಏನೇ ಇದ್ದರೂ ಅದು ಪಾಚಿ, ಬ್ಯಾಕ್ಟೀರಿಯಾದ್ದು.

ಉಡುಪಿಯ ಪಾದೂರಿನಲ್ಲಿ ನೆಲದಡಿ ಎಣ್ಣೆ ಇದೆ ಅಂತಾರಲ್ಲ?

ಅದು ಹೊರಗಿನಿಂದ ತಂದು ತುಂಬಿಸಿಟ್ಟದ್ದು. ಗಟ್ಟಿ ಬಂಡೆ ಕೊರೆದು ಗುಹೆ ಮಾಡಿ ದೇಶದ ಆಪತ್ತಿಗೆ ಅಂತ ಕಚ್ಚಾ ತೈಲ ಇಟ್ಟಿದ್ದಾರೆ. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಹಿಡಿಯುವಷ್ಟು ಜಾಗ ಇದೆ.

ಗೋಬರ್ ಗ್ಯಾಸಿಗೂ ಇದಕ್ಕೂ ಸಂಬಂಧ ಇದೆಯಾ?

ಎರಡೂ ಮೀಥೇನ್. ಆದರೆ ಗುಂಡಿಯಲ್ಲಿ ಅದನ್ನು ಮಾಡುವುದು ಸೂಕ್ಷ್ಮಜೀವಿಗಳು, ಬೇಯಿಸುವ ಬಿಸಿ ಬೇಕಿಲ್ಲ. ಕೆರೆಯ ಕೆಸರು ತುಳಿದಾಗ ಗುಳುಗುಳು ಅಂತ ಏಳುವ ಗುಳ್ಳೆಯೂ ಅದೇ. ಪದರುಶಿಲೆಗಳಲ್ಲಿ ಆಳ ಕಡಿಮೆ ಇರುವ ಕಡೆ ಇಂಥ ಗ್ಯಾಸ್ ದೊಡ್ಡ ಪ್ರಮಾಣದಲ್ಲೂ ಸಿಗುತ್ತದೆ, ಇಂಗಾಲದ ಐಸೋಟೋಪ್ (ತೂಕ ಬೇರೆ ಬೇರೆ ಇರುವ ಇಂಗಾಲದ ಪರಮಾಣು) ಅಳೆದು ಬೇರೆ ಮಾಡುತ್ತಾರೆ.

ನಮ್ಮ ಕಾಡಿನ ಎಲೆ ಎಂದಾದರೂ ಎಣ್ಣೆ ಆಗಬಹುದಾ?

ಗೋಣಿಕೊಪ್ಪದ ಒಬ್ಬ ಹುಡುಗಿ ಕೇಳಿದ್ದು. ಇಲ್ಲೇ ಬಿದ್ದ ಎಲೆ ಇಲ್ಲೇ ಮಣ್ಣಾಗುತ್ತದೆ. ಹೊಳೆಗೆ ಬಿದ್ದದ್ದರ ಕಥೆ ಬೇರೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಕಾವೇರಿ, ಲಕ್ಷ್ಮಣತೀರ್ಥ ಕೆಂಪಾಗಿ ಹರಿಯುವಾಗ ಎಷ್ಟು ಎಲೆ, ಕಡ್ಡಿ, ತೊಗಟೆ ಹೋಗುತ್ತದೆ ನೋಡಿದ್ದೀರಲ್ಲ. ಕಾವೇರಿ ತಮಿಳುನಾಡಿನಲ್ಲಿ ಬಂಗಾಳ ಕೊಲ್ಲಿ ಸೇರುವ ಕಡೆ ದೊಡ್ಡ ಪದರುಶಿಲೆಯ ಜಲಾನಯನ ಇದೆ, ಅಲ್ಲಿ ಎಣ್ಣೆ, ಗ್ಯಾಸ್ ತೆಗೆಯುತ್ತಲೂ ಇದ್ದಾರೆ. ಆ ಎಣ್ಣೆ ಡೈನೋಸಾರ್ ಕಾಲದಿಂದ ಕೂತ ಕೆಸರಿನದ್ದು, ಈಗಿನ ಎಲೆಯದ್ದಲ್ಲ. ಈಗ ಹೋಗುವ ಎಲೆ ಅಲ್ಲಿ ಸಮುದ್ರದ ಕೆಸರಿನಲ್ಲಿ ಹೂತು, ಎರಡು ಮೂರು ಕಿಲೋಮೀಟರ್ ಆಳಕ್ಕೆ ಇಳಿದು ಬೆಂದರೆ ಟೈಪ್ 3 ಆಗುತ್ತದೆ, ಹೆಚ್ಚಾಗಿ ಗ್ಯಾಸ್ ಕೊಡುತ್ತದೆ, ಕೋಟಿ ವರ್ಷಗಳ ಆಮೇಲೆ. ಆದರೆ ಈಗ ನಡುವೆ ಕನ್ನಂಬಾಡಿ ಇದೆ, ಮೆಟ್ಟೂರು ಇದೆ, ಎಲೆ ಕಡ್ಡಿ ಬಹುಪಾಲು ಅಲ್ಲೇ ಕೂರುತ್ತದೆ. ಕಟ್ಟೆ ದಾಟಿ ಹೋಗುವುದು ಸಣ್ಣ ಸಣ್ಣ ವಸ್ತು, ಬೀಜಕಣ, ಪರಾಗದಂಥವು. ಮುಂದೊಂದು ಕಾಲದಲ್ಲಿ ಯಾರಾದರೂ ಆ ಕಲ್ಲನ್ನು ಆಮ್ಲದಲ್ಲಿ ಕರಗಿಸಿ ಸ್ಲೈಡ್ ಮಾಡಿದರೆ ನಮ್ಮ ತೆರ್ಮೆ ಸೊಪ್ಪಿನ ಬೀಜಕಣ ಅದರಲ್ಲಿ ಸಿಗಬಹುದು, ಹಳದಿಯಾಗಿಯೋ ಕಂದಾಗಿಯೋ.